ಯಾರೂ ಬಿಟ್ಟುಹೋಗದ ಕಂಪನಿ

ಕೆನ್ನೆಗೆ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಾಗ ಅವನಿಗೆ ಮತ್ತೆ ಅದೇ ಪ್ರಶ್ನೆ ಎದುರಾಯಿತು: ಯಾರೂ ಯಾಕೆ ಬಿಟ್ಟುಹೋಗುವುದಿಲ್ಲ? ವಾರದಿಂದ ಇದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತಿತ್ತು. ಅಜ್ಜಂದಿರ ಕಾಲದಲ್ಲಿ ಲೆಕ್ಕ ಕೂಡುವ ಯಂತ್ರ ಮಾಡುತ್ತ ಶುರುವಾದ ಕಂಪನಿ ಅದು. ಆಮೇಲೆ ಅಂಗಡಿಗಳಿಗೆ ಬಿಲ್ಲು ಹೊಡೆಯುವ ಯಂತ್ರ ಮಾಡಿತು, ಆಮೇಲೆ ಬೀರುವಿನಷ್ಟು ದೊಡ್ಡ ಪ್ರಿಂಟರು, ಆಮೇಲೆ ಕಂಪ್ಯೂಟರು. ಈಗ ಹೊಸದಾಗಿ ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ ಅದರ ಅಧ್ಯಕ್ಷರೇ ಒಂದು ಲೋಟ ನೀರು ಕುಡಿದು ಗಂಟಲು ಸರಿಮಾಡಿಕೊಳ್ಳಬೇಕು. ನಿನ್ನೆ ಮೊನ್ನೆ ಹುಟ್ಟಿದ ಕಂಪನಿಗಳು ಅದನ್ನು ದಾಟಿಕೊಂಡು ಎಲ್ಲಿಗೋ ಹೋಗಿವೆ. ಆದರೂ ಲಾಭಕ್ಕೆ ಮೋಸವಿಲ್ಲ. ಎಂದೋ ಮಾರಿದ ಯಂತ್ರಗಳನ್ನು ನೋಡಿಕೊಳ್ಳುತ್ತೇವೆ ಎಂಬ ಒಪ್ಪಂದವೊಂದಿದೆ. ಹಳೆಯ ಗಿರಾಕಿಗಳು ಅದಕ್ಕೆ ವರ್ಷಕ್ಕೊಮ್ಮೆ ದುಡ್ಡು ಕಟ್ಟುತ್ತಾರೆ, ಮತ್ತೆ ಕಟ್ಟುತ್ತಾರೆ, ಕಟ್ಟುತ್ತಲೇ ಇರುತ್ತಾರೆ. ಕಂಪನಿ ತನ್ನ ವಾರ್ಷಿಕ ವರದಿಯಲ್ಲಿ ಇದಕ್ಕೆ ‘ನಿಷ್ಠೆ’ ಎಂದು ಹೆಸರಿಟ್ಟಿತ್ತು. ನಿಷ್ಠೆಯಂತೆ! ಇದೇ ಬಚ್ಚಲುಮನೆಯ ಬಾಗಿಲಲ್ಲಿ ನಿಂತು, ನಿಮ್ಮ ಬಾಯಿಂದ ಹೌದು ಅಥವಾ ಇಲ್ಲ ಅಂತ ಒಂದು ಮಾತು ಹೊರಡುವಷ್ಟರಲ್ಲಿ ನನ್ನ ತಲೆ ನರೆತುಹೋಗುತ್ತೆ ಎಂದು ಹೇಳಿ ಹೆಂಡತಿ ಹೊರಟುಹೋಗಿದ್ದಳು. ಬಿಟ್ಟುಹೋಗುವವರ ಬಗ್ಗೆ ಅವನಿಗೆ ಅಷ್ಟಿಷ್ಟು ಗೊತ್ತಿತ್ತು. ಬಿಟ್ಟುಹೋಗದವರೇ ಅವನಿಗೆ ಸೋಜಿಗ.

ಒಂದು ಕೆನ್ನೆ ಮುಗಿದು ಇನ್ನೊಂದು ಬಾಕಿಯಿರುವಾಗ ಫೋನು ಬಂತು. ಅಕ್ಕ.

“ಏನೋ, ಎದ್ದಿದ್ದೀಯಾ? ನೋಡು, ಅಮ್ಮಾವ್ರು ಇವತ್ತು ಸಂಜೆ ಒಳಗೆ ಹೇಳಿಬಿಡು ಅಂದಿದ್ದಾರೆ. ಅಂಗಡಿ ನಾನು ತಗೊಂಡ್ರೆ ಸರಿ, ಇಲ್ಲಾಂದ್ರೆ ಪಕ್ಕದ ಚಪ್ಪಲಿ ಅಂಗಡಿಯವನು ಗೋಡೆ ಒಡೆದು ಸೇರಿಸ್ಕೊಳ್ಳೋಕೆ ಕಾದು ಕೂತಿದ್ದಾನೆ. ನನ್ನ ಹತ್ರ ಇರೋದು ನೀನು ಕೊಡಿಸಿದ ಆ ಹಳೇ ಕಂಪನಿ ಷೇರೇ. ಮಾರ್ಲಾ, ಇಟ್ಕೊಳ್ಳಾ?”

“ಅದನ್ನೇ ನೋಡ್ತಾ ಇದ್ದೀನಿ ಅಕ್ಕ. ಸಂಜೆ ಬಂದು ಹೇಳ್ತೀನಿ.”

“ನೀನು ನೋಡ್ತಾನೇ ಇರ್ತೀಯಪ್ಪ,” ಎಂದು ಅಕ್ಕ ನಕ್ಕಳು. ಆ ನಗುವಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅವನು ಏನಾದರೂ ಎದುರಾಡಬಹುದಿತ್ತು.

ಅಕ್ಕ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು, ಅಮ್ಮಾವ್ರು ಅದರ ಒಡತಿ. ಅವನ ಓದಿನ ಖರ್ಚೆಲ್ಲ ಅವಳ ಕತ್ತರಿಯಿಂದಲೇ ಹುಟ್ಟಿದ್ದು. ಅವನು ಷೇರುಗಳ ಬೆಲೆ ಅಳೆಯುವ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಎದೆಯುಬ್ಬಿಸಿಕೊಂಡು, “ಕಣ್ಣು ಮುಚ್ಕೊಂಡು ಈ ಕಂಪನಿ ತಗೋ ಅಕ್ಕ, ಹಳೇ ಹೆಮ್ಮರ” ಎಂದಿದ್ದ. ಅವಳು ನಿಜವಾಗಿಯೂ ಕಣ್ಣು ಮುಚ್ಚಿಕೊಂಡೇ ತೆಗೆದುಕೊಂಡಿದ್ದಳು. ಅವನು ಜೀವಮಾನದಲ್ಲಿ ಯಾರಿಗಾದರೂ ನೇರವಾಗಿ ಹೇಳಿದ ಮಾತು ಅದೊಂದೇ ಇರಬೇಕು. ಆಮೇಲೆ ಕೆಲಸ ಕಲಿತ. ಕಲಿತಮೇಲೆ ಅಂಥ ತಪ್ಪು ಮಾಡಲಿಲ್ಲ.

ಆಫೀಸಿಗೆ ನಡೆಯುತ್ತಿದ್ದಾಗ ಸೇತುವೆಯ ಮೇಲೆ ಬಸ್ಸುಗಳು ಒಂದರ ಹಿಂದೊಂದು ನಿಂತಿದ್ದವು, ಒಳಗಿದ್ದವರೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿಕೊಂಡು ಕೂತಿದ್ದರು, ಒಬ್ಬರೂ ಇಳಿದು ನಡೆಯುತ್ತಿರಲಿಲ್ಲ. ನಡೆದರೆ ಬೇಗ ತಲುಪುತ್ತೀರಿ ಎಂದು ಕಿಟಕಿಗೆ ಬಡಿದು ಹೇಳೋಣವೆನಿಸಿತು. ಇವರೂ ನಿಷ್ಠರೇ ಇರಬೇಕು. ಕೆಲವು ವರ್ಷಗಳ ಹಿಂದೆಯೂ ಅಕ್ಕ ಒಮ್ಮೆ ಹೀಗೇ ಕೇಳಿದ್ದಳು, ಮಾರ್ಲಾ ಇಟ್ಕೊಳ್ಳಾ ಅಂತ. ಅವನು ಅವಳ ಕಟಿಂಗ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಏರಿಳಿತದ ಗೆರೆ ಎಳೆದು, ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ, ಸ್ವಲ್ಪ ದಿನ ತಡೆದರೆ ಒಳ್ಳೇದು ಎಂದು ಪಾಠ ಮಾಡಿದ್ದ. ಅವಳು ತಡೆದಳು. ಬೆಲೆ ಏರಿತು. ಅವನು ಓಡೋಡಿ ಹೋಗಿ ಹೇಳಿದಾಗ ಅವಳು ಪರದೆಯ ಬಟ್ಟೆ ಅಳೆಯುತ್ತಿದ್ದಳು. “ಹೌದಾ, ಒಳ್ಳೇದಾಯ್ತು ಬಿಡು” ಎಂದಳು. ಅದಾಗಿ ಎಷ್ಟೋ ಕಾಲದ ಮೇಲೆ ಒಮ್ಮೆ ಗುಂಡಿ ಹೊಲಿದು ಹಲ್ಲಿನಿಂದ ದಾರ ಕಡಿಯುತ್ತ, ಮಾತಿಗೆ ಮಾತು ಬಂದದ್ದಕ್ಕೆ ಹೇಳಿದಳು: “ಆ ನಕ್ಷೆ ಬರೆಯೋನು ಇದ್ನಲ್ಲ, ನನ್ನ ಮದುವೆ ಆಗ್ತೀನಿ ಅಂತಿದ್ದೋನು, ಬೇರೆ ಊರಿಗೆ ಹೋಗೋಣ, ಮನೆಗೆ ನಿನ್ನ ಪಾಲು ನೀನು ಹಾಕು ಅಂದಿದ್ದ. ನೀನು ತಡಿ ಅಂದೆ. ಅವನಿಗೆ ತಡೆಯೋಕಾಗ್ಲಿಲ್ಲ.” ಹೇಳಿ ಮುಂದಿನ ಗುಂಡಿಗೆ ಸೂಜಿ ಹಾಕಿದಳು. ಒಂದು ಕಂಪನಿಯ ವಿದ್ಯುತ್ ಬಿಲ್ಲು ಯಾಕೆ ಹೆಚ್ಚಾಯಿತೆಂದು ಪತ್ರದ ಮೇಲೆ ಪತ್ರ ಬರೆದು ಕೇಳುವ ಮನುಷ್ಯ, ಒಡಹುಟ್ಟಿದವಳನ್ನು ‘ಯಾಕೆ ಮಾರ್ತೀಯ’ ಎಂದು ಕೇಳಿರಲಿಲ್ಲ. ಅವನಿಗೆ ಈಗಲೂ ಸೇತುವೆಯ ಮೇಲೆ ಹಾಡುಹಗಲಿನಲ್ಲಿ ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು.

ಆಫೀಸಿನಲ್ಲಿ ಅವನಿಗೆ ‘ಅಡ್ಡಗೋಡೆ’ ಎಂದು ಹೆಸರು. ಅಡ್ಡಗೋಡೆ ಮೇಲೆ ದೀಪ ಇಟ್ಟಹಾಗೆ ಮಾತಾಡುತ್ತಾನೆಂದು ಯಾರೋ ಇಟ್ಟದ್ದು, ಈಗ ಅವನೇ ಫೋನು ಎತ್ತಿ ಹೇಳಿಬಿಡುವಷ್ಟು ಒಗ್ಗಿಹೋಗಿದೆ. ಶಾಲಾ ಮೇಷ್ಟ್ರುಗಳ ಉಳಿತಾಯದ ನಿಧಿಗೆ ಯಾವ ಷೇರು ಒಳ್ಳೆಯದೆಂದು ಹೇಳುವುದು ಆಫೀಸಿನ ಕಸುಬು. ಪ್ರತಿ ವರದಿಯ ಕೊನೆಗೆ ಒಂದೇ ಒಂದು ಪದ ಬರೆಯಬೇಕು: ಕೊಳ್ಳಿ, ಇಟ್ಟುಕೊಳ್ಳಿ ಅಥವಾ ಮಾರಿ. ಅವನು ಬರೆಯುವುದು ‘ಇಟ್ಟುಕೊಳ್ಳಿ’. ಕೊಂಡು ಮುಳುಗಿದವನು ಬೈಯುತ್ತಾನೆ, ಮಾರಿ ಕೈ ಕಚ್ಚಿಕೊಂಡವನು ಬೈಯುತ್ತಾನೆ. ಇಟ್ಟುಕೊಂಡವನು ಮಾತ್ರ ತನ್ನ ಹಣೆಬರಹವನ್ನು ಬೈದುಕೊಳ್ಳುತ್ತಾನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಷ್ಟು ವರ್ಷದಲ್ಲಿ ಅವನ ಕೋಲಿಗೆ ಒಂದು ಗೀರೂ ಬಿದ್ದಿಲ್ಲ.

“ಅಡ್ಡಗೋಡೆಯವರೇ,” ಎಂದು ಮುಖ್ಯಸ್ಥೆ ತನ್ನ ಗಾಜಿನ ಕೋಣೆಯಿಂದಲೇ ಕೂಗಿದಳು. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಮೇಜೆಲ್ಲ ಹುಡುಕಾಡುವುದು ಅವಳ ಅಭ್ಯಾಸ. “ಆ ಹಳೇ ಕಂಪನಿ ವರದಿ ಇವತ್ತೇ ಬೇಕು. ಈ ಸಲ ‘ಇಟ್ಟುಕೊಳ್ಳಿ’ ಅಂದ್ರೆ ಮೇಷ್ಟ್ರುಗಳು ನಮ್ಮನ್ನ ಬೆಂಚಿನ ಮೇಲೆ ನಿಲ್ಲಿಸ್ತಾರೆ.” ಸುತ್ತಲಿನವರು ನಕ್ಕರು. ಅವನೂ ನಕ್ಕ. ನಗದಿದ್ದರೆ ಇನ್ನಷ್ಟು ನಗುತ್ತಾರೆ.

ಅವನು ಕಾಗದಗಳನ್ನು ಹರಡಿಕೊಂಡು ಕೂತ. ಅಂಕಿಗಳು ಎಲ್ಲ ಸರಿಯಾಗಿದ್ದವು, ಅದೇ ಸರಿಯಿರಲಿಲ್ಲ. ಹೊಸ ಯಂತ್ರ ಕೊಳ್ಳುವವರು ಕಡಿಮೆ, ಬಿಡಿಭಾಗ ಕೇಳುವವರು ಇನ್ನೂ ಕಡಿಮೆ. ನೋಡಿಕೊಳ್ಳಿ ಎಂದು ದುಡ್ಡು ಕಟ್ಟುವವರು ಮಾತ್ರ ಅಷ್ಟೇ ಇದ್ದಾರೆ. ಯಂತ್ರ ಎಂದರೆ ಕೆಡಬೇಕು, ಕೆಟ್ಟರೆ ಬಿಡಿಭಾಗ ಬೇಕು. ಇವೇನು ಚಿರಂಜೀವಿಗಳೇ? ಅವನ ಬೇಸರ ಮೆಲ್ಲಗೆ ಕುತೂಹಲವಾಯಿತು, ಕುತೂಹಲ ಒಂದು ಬಗೆಯ ಸಂತೋಷವೂ ಆಯಿತು. ಇದೊಂದು ಖುಷಿಯನ್ನು ಯಾರೂ ಅವನಿಂದ ಕಿತ್ತುಕೊಂಡಿರಲಿಲ್ಲ. ಯಾರು ಇವರು, ಎಲ್ಲಿದ್ದಾರೆ, ಆ ಯಂತ್ರಗಳಿಂದ ಏನು ಮಾಡುತ್ತಾರೆ? ಒಬ್ಬನಾದರೂ ಸಿಕ್ಕಿದ್ದರೆ ಕೈಹಿಡಿದು ಕೂರಿಸಿಕೊಂಡು ಕೇಳಬಹುದಿತ್ತು.

“ನಮಸ್ಕಾರ ಸಾರ್. ಸರ್ವಿಸು.”

ಮೆಕ್ಯಾನಿಕ್ಕು ಬಂದಿದ್ದ. ಮಳೆಗೊಮ್ಮೆ ಚಳಿಗೊಮ್ಮೆ ಬರುವವನು. ಇಸ್ತ್ರಿ ಮುರಿಯದ ಅಂಗಿ, ಮಿಂಚುವ ಬೂಟು, ಸೆಂಟಿನ ಘಮ. ಹಿಂದಿನ ಕೋಣೆಗೆ ಹೋಗಿ ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಎಲ್ಲ ಸರಿಯಾಗಿದೆ ಎಂದು ಚೀಟಿ ಚಾಚುತ್ತಿದ್ದ. ಅಡ್ಡಗೋಡೆಯ ಮೇಜು ಬಾಗಿಲಿಗೆ ಹತ್ತಿರವಿದ್ದದ್ದರಿಂದ ಅವನೇ ಸಹಿ ಹಾಕುತ್ತಿದ್ದ. ಮೆಕ್ಯಾನಿಕ್ಕು ಏನನ್ನು ಸರಿಮಾಡುತ್ತಾನೆಂದು ಕೇಳಿರಲಿಲ್ಲ. ಗಾಳಿಯ ಯಂತ್ರವೋ ನೀರಿನದ್ದೋ ಇರಬೇಕೆಂದುಕೊಂಡಿದ್ದ. ಇವತ್ತು ಅವನ ಕಣ್ಣು ಮೆಕ್ಯಾನಿಕ್ಕನ ಚೀಲದ ಮೇಲಿದ್ದ ಮಾಸಿದ ಗುರುತಿಗೆ ಹೋಯಿತು. ಆಮೇಲೆ ಮೇಜಿನ ಮೇಲಿದ್ದ ವಾರ್ಷಿಕ ವರದಿಯ ಹೊದಿಕೆಗೆ ಹೋಯಿತು. ಮತ್ತೆ ಚೀಲಕ್ಕೆ. ಎರಡೂ ಒಂದೇ. ಅವನು ಕುರ್ಚಿ ಹಿಂದೆ ತಳ್ಳಿ ಎದ್ದ.

ಹಿಂದಿನ ಕೋಣೆಯಲ್ಲಿ ಕಾಲು ಮುರಿದ ಕುರ್ಚಿಗಳೂ ಹಳೆಯ ಫಲಕಗಳೂ ಇದ್ದವು. ಮೂಲೆಯಲ್ಲಿ ಬೂದು ಬಣ್ಣದ ಗವಸು ಹೊದ್ದುಕೊಂಡು ಬೀರುವಿನಂಥದೇನೋ ನಿಂತಿತ್ತು. ಮೆಕ್ಯಾನಿಕ್ಕು ಗವಸನ್ನು ತೆಗೆದು ನಾಲ್ಕು ಮಡಿಕೆ ಮಾಡಿಟ್ಟ. ಗಾಜನ್ನು ಊದಿ ಒರೆಸಿದ. ಗುಂಡಿಯೊಂದನ್ನು ಒತ್ತಿ, ಅದು ಟಕ್ ಎಂದದ್ದಕ್ಕೆ ತೃಪ್ತಿಯಿಂದ ತಲೆಯಾಡಿಸಿದ. ಯಂತ್ರದಿಂದ ಬೇರೆ ಸದ್ದೇನೂ ಬರಲಿಲ್ಲ. ಹಿಂದೆಯೇ ಬಂದಿದ್ದ ಅಡ್ಡಗೋಡೆ ಪ್ಯಾಂಟಿನ ಮಂಡಿ ಎಳೆದುಕೊಂಡು ನೆಲಕ್ಕೆ ಬಗ್ಗಿ ನೋಡಿದ. ಯಂತ್ರದ ಬೆನ್ನಿನಿಂದ ಹೊರಟ ವೈರು ಗೋಡೆಯವರೆಗೆ ಹೋಗಿ ಸುಮ್ಮನೆ ಬಿದ್ದಿತ್ತು, ತುದಿಯಲ್ಲಿ ಪ್ಲಗ್ಗೇ ಇರಲಿಲ್ಲ. ಗೋಡೆಗೆ ಎಂದೋ ಹೊಸ ಗಾರೆ ಮೆತ್ತಿದ್ದರು. ಅಲ್ಲೊಂದು ಪ್ಲಗ್ಗಿನ ಜಾಗವಿತ್ತು ಎನ್ನುವುದಕ್ಕೂ ಗುರುತಿರಲಿಲ್ಲ.

“ಇದು ಓಡುತ್ತಾ?” ಎಂದು ಕೇಳಿದ, ಬಗ್ಗಿಕೊಂಡೇ.

“ಕಂಡೀಷನ್ ಫಸ್ಟ್ ಕ್ಲಾಸ್ ಸಾರ್. ಒಂದು ಚೂರೂ ಸವೆದಿಲ್ಲ.”

“ಕರೆಂಟೇ ಇಲ್ವಲ್ರೀ!”

“ಅದಕ್ಕೇ ಸವೆದಿಲ್ಲ.”

ಅವನು ಎದ್ದು ನಿಂತು ಆ ಮನುಷ್ಯನ ಮುಖ ನೋಡಿದ. ತಮಾಷೆಯಿರಲಿಲ್ಲ, ಕಳ್ಳತನವೂ ಇರಲಿಲ್ಲ. “ಬೇರೆ ಕಡೆಗಳಲ್ಲೂ ಹೀಗೇನಾ?”

“ನನ್ನ ಲೈನಿನಲ್ಲಾ? ಕೆಲವು ಕಡೆ ಓಡ್ತಾವೆ ಸಾರ್, ಸುಳ್ಳು ಹೇಳಬಾರದು. ಬಹಳ ಕಡೆ ಹೀಗೇ. ಒಂದು ಕಡೆಯಂತೂ ಯಂತ್ರವೇ ಇಲ್ಲ, ಅದಿದ್ದ ಜಾಗ ಒರೆಸಿ ಬರ್ತೀನಿ.”

“ಅವರು ಏನೂ ಅನ್ನಲ್ವಾ?”

“ಕಾಫಿ ಕೊಡ್ತಾರೆ. ಒಳ್ಳೇ ಜನ.” ಗವಸು ಹೊದಿಸಿ ಅಂಚು ಎಳೆದ, ಮಲಗಿದ ಮಗುವಿಗೆ ಎಳೆದಂತೆ. “ಗಲಾಟೆ ಮಾಡೋ ಗಿರಾಕಿ ಇಲ್ಲ, ವೈರ್ ಸುಟ್ಟ ವಾಸನೆ ಇಲ್ಲ, ಬಟ್ಟೆ ಮಾಸಲ್ಲ. ಈ ಸಲ ಪ್ರಮೋಷನ್ ಬೇರೆ ಕೊಡ್ತಾರಂತೆ. ಸಾರ್, ಒಂದು ಸೈನು.”

ಪೆನ್ನು ಚಾಚಿದ. ಅವನು ಸಹಿ ಹಾಕಿದ. ಎಲ್ಲ ನೋಡಿ, ಎಲ್ಲ ತಿಳಿದು, ನೆಲಕ್ಕೆ ಬಗ್ಗಿದ ಮಂಡಿಯ ಧೂಳು ಇನ್ನೂ ಝಾಡಿಸಿಕೊಂಡಿರಲಿಲ್ಲ, ಸಹಿ ಹಾಕಿಬಿಟ್ಟ. ಯಾರೋ ಪೆನ್ನು ಚಾಚಿದ್ದಾರೆ, ಹೇಗೆ ಬೇಡವೆನ್ನುವುದು? ಮೆಕ್ಯಾನಿಕ್ಕು ಹೋದಮೇಲೂ ಸೆಂಟಿನ ಘಮ ಅಲ್ಲಿಯೇ ಇತ್ತು. ಅವನು ಬೆರಳುಗಳನ್ನು ಮುಖದ ಹತ್ತಿರ ತಂದು ನೋಡಿಕೊಂಡ. ವಾರವೆಲ್ಲ ತಾನು ಹುಡುಕಿದ ನಿಷ್ಠಾವಂತ ಗಿರಾಕಿ ತಾನೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತಲ್ಲ ಎಂದು ಅವನಿಗೆ ನಗು ಬಂತು, ನಗುವಿನ ಹಿಂದೆಯೇ ಒಂದು ದಿಗಿಲೂ ಬಂತು. ಒಂದು ಮಹಾ ಕಂಪನಿಯ ಲಾಭದ ಒಂದು ಹನಿ ತನ್ನ ಈ ಬೆರಳುಗಳಿಂದ ಜಾರಿದ್ದು. ಅದನ್ನೇ ತಾನು ಅಂಕಿಗಳಲ್ಲಿ ಎದುರುಗೊಂಡು ‘ಸ್ಥಿರತೆ’ ಎಂದು ಮೆಚ್ಚಿ ಬರೆದಿದ್ದ.

ಮುಖ್ಯಸ್ಥೆಗೆ ಹೇಳಿದಾಗ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ದೀಪದ ಕೆಳಗೆ ಕತ್ತಲೆ ಅಂದ್ರೆ ಇದೇ ಕಣ್ರೀ!” ಆಮೇಲೆ ಕಣ್ಣೊರೆಸಿಕೊಂಡಳು. “ಹಾಗಿದ್ರೆ ಕೊಳ್ಳಿ ಅಂತ ಬರೀರಿ.”

“ಏನು?”

“ಯೋಚನೆ ಮಾಡಿ. ಓಡೋ ಯಂತ್ರ ಇಟ್ಕೊಂಡಿರೋನು ಅದು ಕೆಟ್ಟ ದಿನ ಸಿಟ್ಟು ಮಾಡ್ಕೊಂಡು ಬೇರೆ ಕಂಪನಿಗೆ ಹೋಗ್ತಾನೆ. ಓಡದೇ ಇರೋದು ಕೆಡೋದು ಹೇಗೆ? ಇಂಥ ಗಿರಾಕಿ ಎಲ್ಲಿ ಸಿಗ್ತಾನೆ?”

“ಯಾರಾದ್ರೂ ಎಚ್ಚರ ಆದ್ರೆ?”

“ನೀವು ಎಚ್ಚರ ಆದ್ರಲ್ಲ, ರದ್ದು ಮಾಡಿಸ್ತೀರಾ? ಅರ್ಜಿ ಹಾಕ್ಬೇಕು. ಮೇಲಿನವರು ಇಷ್ಟು ದಿನ ಯಾರು ಸಹಿ ಹಾಕ್ತಿದ್ರು ಅಂತ ಕೇಳ್ತಾರೆ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು, ನೀವಾ?”

ಅವನು ತನ್ನೊಳಗೆ ಇಣುಕಿ ನೋಡಿದ, ರದ್ದು ಮಾಡಿಸುವ ಮನುಷ್ಯ ಎಲ್ಲಾದರೂ ಇದ್ದಾನೆಯೇ ಎಂದು. ಇರಲಿಲ್ಲ. ಮುಖ್ಯಸ್ಥೆ ಹೇಳಿದ್ದು ಸರಿ, ಕೆಟ್ಟದಾಗಿ ಸರಿ. ತನ್ನಂಥವರು ಇರುವವರೆಗೆ ಈ ಕಂಪನಿಗೆ ಸಾವಿಲ್ಲ. ಅವನು ಮೇಜಿಗೆ ಬಂದು ಎಲ್ಲವನ್ನೂ ಬರೆದ, ಗವಸು, ವೈರು, ಗಾರೆ ಮೆತ್ತಿದ ಗೋಡೆ ಕೂಡ. ಮೇಷ್ಟ್ರುಗಳು ಓದಿ ತಾವೇ ನಿರ್ಧರಿಸಲಿ. ಕೊನೆಯಲ್ಲಿ ‘ಕೊಳ್ಳಿ’ ಎಂದು ಬರೆದ. ಅಂಕಿಗಳು ಹೇಳಿದ್ದನ್ನು ಬರೆಯುವುದು ಇಷ್ಟು ಸುಲಭವೇ ಎಂದು ಆಶ್ಚರ್ಯವಾಯಿತು. ಆಮೇಲೆ ಅಕ್ಕನ ನೆನಪಾಯಿತು. ಮೇಷ್ಟ್ರುಗಳಿಗೆ ಕೊಳ್ಳಿ ಎಂದವನು ಅವಳಿಗೆ ಮಾರು ಎನ್ನುವುದು ಹೇಗೆ? ಇಟ್ಕೋ ಎಂದರೆ ಅವಳು ಇಟ್ಟುಕೊಳ್ಳುತ್ತಾಳೆ. ಬೆಲೆ ಏರುತ್ತದೆ. ಅವನು ಓಡಿಹೋಗಿ ಹೇಳುತ್ತಾನೆ. ಅವಳು ಒಳ್ಳೇದಾಯ್ತು ಬಿಡು ಎನ್ನುತ್ತಾಳೆ, ಆ ಹೊತ್ತಿಗೆ ಅಂಗಡಿಯಿದ್ದ ಕಡೆ ಚಪ್ಪಲಿಗಳಿರುತ್ತವೆ. ವಾರಕ್ಕೊಮ್ಮೆ ಫೋನು ಮಾಡಿ ಚೆನ್ನಾಗಿದ್ದೀಯಾ ಎಂದು ಕೇಳುತ್ತಿದ್ದ, ಅವಳು ಚೆನ್ನಾಗಿದ್ದೀನಿ ಎನ್ನುತ್ತಿದ್ದಳು, ಇಡುತ್ತಿದ್ದರು. ತಾನು ಅಕ್ಕನ ಗವಸು ತೆಗೆದು ನೋಡಿದ್ದು ಯಾವಾಗ?

ಸಂಜೆ ಅಂಗಡಿಗೆ ಹೋದಾಗ ಅಕ್ಕ ಒಬ್ಬಳೇ ಕಟಿಂಗ್ ಮೇಜಿನ ಮುಂದೆ ನಿಂತಿದ್ದಳು. ಒಳಕೋಣೆಯಲ್ಲಿ ಅಂಗಡಿಯ ಒಡತಿ ಕೆಮ್ಮುವುದು ಕೇಳಿಸುತ್ತಿತ್ತು. ಅಕ್ಕ ಅವನನ್ನು ಕಂಡು ಸೀಮೆಸುಣ್ಣ ಕೆಳಗಿಟ್ಟಳು.

“ಹೇಳು.”

ಅವನು ಸ್ಟೂಲು ಎಳೆದುಕೊಂಡು ಕೂತ. “ಮೊದಲು ನೀನು ಹೇಳು. ಅಂಗಡಿ ತಗೊಂಡು ಏನ್ ಮಾಡ್ತೀಯ?”

“ಏನ್ ಮಾಡ್ತೀಯ ಅಂದ್ರೆ? ಹೊಲಿಗೆ ಅಂಗಡೀಲಿ ರೈಲು ಓಡಿಸ್ತಾರಾ?”

“ಅಲ್ಲ ಅಕ್ಕ. ನಿಜವಾಗ್ಲೂ ಕೇಳ್ತಿದ್ದೀನಿ.”

ಅವಳು ಅನುಮಾನದಿಂದ ನೋಡಿದಳು. ಅವನು ಕಾದ. ಅವಳು ಮೇಜಿನ ಕೆಳಗಿನಿಂದ ಸುರುಳಿ ಸುತ್ತಿದ ಕಂದು ಕಾಗದಗಳನ್ನು ಎಳೆದಳು. ಬಿಚ್ಚಿದರೆ ಕೋಟಿನ ಬೆನ್ನು, ತೋಳು, ಕತ್ತು, ಎಲ್ಲ ಸೊಟ್ಟಸೊಟ್ಟ. “ಅಮ್ಮಾವ್ರಿಗೆ ಸ್ಕೂಲ್ ಯೂನಿಫಾರ್ಮ್ ಬಿಟ್ಟು ಬೇರೆ ಬೇಡ. ಸಣ್ಣದು, ಮಧ್ಯದ್ದು, ದೊಡ್ಡದು, ಮುಗೀತು. ಆದ್ರೆ ಜನ ಹಾಗಿರ್ತಾರೇನೋ? ಇವರಿಗೆ ನೋಡು, ಒಂದು ಭುಜ ಇಳಿದಿದೆ. ಲಾರಿ ಓಡಿಸಿ ಓಡಿಸಿ. ಇವಳಿಗೆ ಒಂದು ಕಡೆ ಎದೆ ತೆಗೆದುಬಿಟ್ಟಿದ್ದಾರೆ, ಆಪರೇಷನ್ನು. ರೆಡಿಮೇಡ್ ಅಂಗಡಿಗೆ ಹೋಗಿ ಕನ್ನಡಿ ಮುಂದೆ ಅತ್ಕೊಂಡು ಬಂದಿದ್ಲಂತೆ. ನಾನು ಹೊಲಿದು ಕೊಟ್ಟೆ, ಅಮ್ಮಾವ್ರಿಗೆ ಹೇಳ್ದೆ. ಹಾಕ್ಕೊಂಡು ಹಿಂದೆ ಮುಂದೆ ತಿರುಗಿ ನೋಡ್ಕೊಂಡ್ಲು ನೋಡು...” ಅವಳ ಮುಖ ಕೆಂಪಾಗಿತ್ತು. “ಇಂಥವರಿಗೆಲ್ಲ ಹೊಲಿದುಕೊಡಬೇಕು ಅಂತ ಆಸೆ. ಆಸೆ ಅಷ್ಟೇ. ನಡೆಯುತ್ತೋ ಇಲ್ವೋ. ಈಗ ಕಂಪನಿ ವಿಷ್ಯ ಹೇಳು.”

“ಮಾರು.”

“ಯಾಕೆ, ಕೆಟ್ಟುಹೋಯ್ತಾ?”

“ಇಲ್ಲ. ಚೆನ್ನಾಗೇ ಇದೆ. ಇನ್ನೂ ಏರಬಹುದು. ಇವತ್ತು ನಾನೇ ಮೇಷ್ಟ್ರುಗಳಿಗೆ ಕೊಳ್ಳಿ ಅಂತ ಬರೆದುಕೊಟ್ಟು ಬಂದಿದ್ದೀನಿ.”

“ಹುಚ್ಚು ಗಿಚ್ಚು ಹಿಡೀತಾ ನಿಂಗೆ?”

“ಮೇಷ್ಟ್ರುಗಳು ಬಂದು ಅಳತೆ ತಗೊಳ್ಳಲಿ ಅಂತ ಯಾರೂ ಕಾದು ಕೂತಿಲ್ಲ ಅಕ್ಕ, ನೀನು ತಗೊಳ್ಳಲಿ ಅಂತ ಕಾದಿದ್ದಾರೆ. ನೀನು ಮಾರು. ನಾಳೆ ಬೆಲೆ ಏರಿದ್ರೆ ನನ್ನ ಬೈಯಿ. ದಿನಾ ಬೇಕಾದ್ರೂ ಬೈಯಿ. ಆದ್ರೆ ಮಾರು.”

ಅವಳು ನಗುತ್ತಾಳೆಂದುಕೊಂಡಿದ್ದ. ಅವಳು ಕತ್ತರಿಯನ್ನು ಮೇಜಿನ ಮೇಲೆ ಬಡಿದಿಟ್ಟಳು. “ಈ ಮಾತು ಆವತ್ತು ಎಲ್ಲಿ ಹೋಗಿತ್ತೋ? ಆವತ್ತು ಗೆರೆ ಎಳೆದು ತೋರಿಸಿದ್ಯಲ್ಲ, ಇದೇ ಮೇಜಿನ ಮೇಲೆ!”

“ಆವತ್ತು ನಾನು ಕೇಳ್ಲಿಲ್ಲ.”

“ಕೇಳ್ಬೇಕಿತ್ತು,” ಎಂದಳು ಅಕ್ಕ. ಇಷ್ಟು ವರ್ಷ ಅವಳ ದನಿಯಲ್ಲಿ ಅವನು ಕೇಳಿರದ ಸಿಟ್ಟು ಅದು, ಅದರೊಳಗೆ ಅಳುವೂ ಇತ್ತು. “ಕೇಳ್ಬೇಕಿತ್ತು ನೀನು. ನಾನು ಬಾಯಿ ಬಿಟ್ಟು ಹೇಳೋಕಾಗಲ್ಲ ಅಂತ ಗೊತ್ತಿತ್ತು ನಿಂಗೆ.” ಅವನು ತಲೆ ತಗ್ಗಿಸದೆ ಕೂತಿದ್ದ. ತಗ್ಗಿಸಿದರೆ ಅವಳಿಗೆ ಬೈಯಲು ಮುಖ ಸಿಗುವುದಿಲ್ಲ. ಅವಳು ಸೆರಗಿನಿಂದಲ್ಲ, ಕೈಗೆ ಸಿಕ್ಕ ಯೂನಿಫಾರ್ಮಿನ ತುಂಡಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಕಾಗದದ ಸುರುಳಿಗಳನ್ನು ಎದೆಗೆ ಒತ್ತಿ ಹಿಡಿದಳು.

“ಸರಿ, ನಾಳೆ ಬೆಳಿಗ್ಗೆ ಮಾರಿಬಿಡು. ಅದಕ್ಕೂ ಇದಕ್ಕೂ ಸರಿಹೋಯ್ತು ಅಂತ ಮಾತ್ರ ತಿಳ್ಕೋಬೇಡ.”

“ಇಲ್ಲ.”

ಅವಳು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅವನು ಸ್ಟೂಲಿನ ಮೇಲೆ ಕೂತೇ ಇದ್ದ. ಮೊದಲು ಒಡತಿಯ ಕೆಮ್ಮು ಕೇಳಿಸಿತು, ಆಮೇಲೆ ಗುಜುಗುಜು, ಆಮೇಲೆ ಅಕ್ಕನ ದನಿ: “ಅದೆಲ್ಲ ಆಗಲ್ಲ ಅಮ್ಮಾವ್ರೇ, ಆ ಹಳೇ ಮೂರು ಮೆಷಿನ್ನಿಗೆ ಆ ರೇಟು ಯಾರು ಕೊಡ್ತಾರೆ, ಒಂದು ರೂಪಾಯಿ ಜಾಸ್ತಿ ಕೊಡಲ್ಲ ನಾನು!” ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಜೋರು. ಪಕ್ಕದ ಚಪ್ಪಲಿ ಅಂಗಡಿಯವನು ಹೊರಗೆ ಬಂದು ಇಣುಕಿದ. ಒಡತಿ ಏನೋ ಅಂದಳು, ಅಕ್ಕ ಅದನ್ನು ಅರ್ಧದಲ್ಲೇ ಕತ್ತರಿಸಿ ಇನ್ನೂ ಗಟ್ಟಿಯಾಗಿ ಮಾತಾಡಿದಳು. ಅಕ್ಕನಿಗೆ ಇಂಥದೊಂದು ದನಿಯಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವನು ಸ್ಟೂಲನ್ನು ಬಾಗಿಲಿನ ಹತ್ತಿರಕ್ಕೆ ಎಳೆದುಕೊಂಡು ಕಿವಿಗೊಟ್ಟ.